ಬಾಗಲಕೋಟೆ ಸೀಮೆಯ ಕಾಲುವೆದಾರಿ ಸೈಕಲ್ ಸವಾರಿ

ಕಾಲುವೆದಾರಿ ಸೈಕಲ್ ಸವಾರಿ ಎಂದರೆ ನೀರಾವರಿ ಕಾಲುವೆಗಳ ಏರಿಯ ಮೇಲಿನ ಮಣ್ಣುರಸ್ತೆ, ಜಲಾಶಯಗಳ ಹಿನ್ನೀರಿನ ಅಂಚು, ಹೊಲಗಳ ನಡುವಿನ ಬಂಡಿದಾರಿ ಹಾಗೂ ಇವುಗಳ ಮಧ್ಯೆ ಎದ್ದು ನಿಂತಿರುವ ಕಲ್ಲುಗುಡ್ಡಗಳ ಮೂಲಕ ದಪ್ಪ ಟೈರಿನ ಸೈಕಲ್ಲಿನಲ್ಲಿ ಕೈಗೊಳ್ಳುವ ಸಂಚಾರ. ಮೌಂಟನ್ ಬೈಕ್ ಸವಾರಿಯ ಒಂದು ಸೌಮ್ಯ ರೂಪವೆಂದು ಇದನ್ನು ಪರಿಗಣಿಸಬಹುದು. ದಕ್ಷಿಣ ಯುರೋಪಿನ ಫ್ರಾನ್ಸ್, ಇಟಲಿ, ಸ್ಪೇನ್ ದೇಶಗಳಲ್ಲಿ ಇದು ಬಹುಕಾಲದಿಂದ ಜನಪ್ರಿಯವಾಗಿದೆ. ಕರ್ನಾಟಕದಲ್ಲಿ ಇದಕ್ಕೆ ಅತ್ಯಂತ ಹೊಂದುವ ಭೂಭಾಗಗಳಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಹರಿಯುವ ಬಾಗಲಕೋಟೆ ಜಿಲ್ಲೆ ಮುಖ್ಯವಾದುದು. ಈ ಲೇಖನವು ಬಾಗಲಕೋಟೆ ತಾಲ್ಲೂಕಿನ ಶಿರೂರು ಗ್ರಾಮವನ್ನು ನಡುವಿಗಿಟ್ಟುಕೊಂಡು ಬಾದಾಮಿ, ಗುಳೇದಗುಡ್ಡ, ಹುನಗುಂದ, ಇಳಕಲ್ಲುಗಳವರೆಗೆ ಹಬ್ಬಿರುವ ಸೀಮೆಯನ್ನು ಕುರಿತದ್ದು.

ಭೂಗುಣ

ಶಿರೂರು ಬಾಗಲಕೋಟೆ ನಗರದ ಆಗ್ನೇಯಕ್ಕಿದೆ. ಅದರ ಉತ್ತರಕ್ಕೆ ಘಟಪ್ರಭೆಯ ಕಣಿವೆಯನ್ನು ತುಂಬಿಕೊಂಡಿರುವ ಆಲಮಟ್ಟಿ ಹಿನ್ನೀರು, ದಕ್ಷಿಣಕ್ಕೆ ಗುಳೇದಗುಡ್ಡದ ಮರಳುಗಲ್ಲಿನ ಬೆಟ್ಟಸಾಲು, ಪೂರ್ವಕ್ಕೆ ಕಮತಗಿ ಹಾಗೂ ಮಲಪ್ರಭಾ ಕಣಿವೆ. ಪಟ್ಟದಕಲ್ಲು, ಐಹೊಳೆಗಳನ್ನು ದಾಟಿದ ಮಲಪ್ರಭೆ ಈಶಾನ್ಯಕ್ಕೆ ಸಾಗಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಘಟಪ್ರಭೆ ಅದಕ್ಕೂ ಮೇಲೆ, ಚಿಕ್ಕಸಂಗಮದಲ್ಲಿ ಕೃಷ್ಣೆಯೊಡನೆ ಕೂಡುತ್ತದೆ. ಎರಡು ಸಂಗಮಗಳ ನಡುವೆ ಆಲಮಟ್ಟಿ ಅಣೆಕಟ್ಟು ನಿಂತಿದೆ. ಆದ್ದರಿಂದ ಈ ಸೀಮೆಯ ಸವಾರನಿಗೆ ಎದುರಾಗುವ ಹಿನ್ನೀರು ಒಂದಲ್ಲ, ಎರಡು. ಬಾಗಲಕೋಟೆಯ ಬಳಿಯದು ಆಲಮಟ್ಟಿ ಜಲಾಶಯದ್ದು. ಅದರ ಪೂರ್ಣಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಕೂಡಲಸಂಗಮದ ಬಳಿಯದು ನಾರಾಯಣಪುರದ ಬಸವಸಾಗರದ್ದು. ಅದರ ಪೂರ್ಣಮಟ್ಟ 492.25 ಮೀಟರ್. ನಕ್ಷೆಯಲ್ಲಿ ಒಂದೇ ನೀಲಿ ಪಟ್ಟಿಯಂತೆ ಕಾಣುವ ಈ ಎರಡು ನೀರುಗಳ ನಡುವೆ 27 ಮೀಟರಿಗೂ ಹೆಚ್ಚಿನ ಎತ್ತರದ ಅಂತರವಿದೆ.

ನೆಲ ಮುಖ್ಯವಾಗಿ ಮೂರು ಬಗೆಯದು: ನದಿಬಯಲಿನ ಎರೆಭೂಮಿ, ಗುಡ್ಡದ ತಪ್ಪಲಿನ ಮಸಾರಿ ಮತ್ತು ಬೆಟ್ಟದ ಮೇಲಿನ ಬರಿಯ ಕಲ್ಲು. ಇಳಕಲ್ಲಿನ ಕಡೆಗೆ ಸಾಗಿದಂತೆ ಮರಳುಗಲ್ಲು ಮರೆಯಾಗಿ, ಹೊರದೇಶಗಳಿಗೂ ರಫ್ತಾಗುವ ಕೆಂಪು ಗ್ರಾನೈಟ್ ಕಾಣಿಸಿಕೊಳ್ಳುತ್ತದೆ. ಸವಾರಿಯ ದೃಷ್ಟಿಯಿಂದ ನಿರ್ಣಾಯಕವಾದುದು ಎರೆಮಣ್ಣು. ಒಣಗಿದಾಗ ಸಿಮೆಂಟಿನಂತೆ ಗಟ್ಟಿಯಾಗಿ, ಬೇಸಿಗೆಯಲ್ಲಿ ಮುಂಗಾಲಿ ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಿರಿಯುವ ಈ ಮಣ್ಣು, ನೀರು ತಾಗಿದೊಡನೆ ಹಿಗ್ಗಿ ಅಂಟಾಗುತ್ತದೆ. ಒಂದು ಹದವಾದ ಮಳೆ ಬಿದ್ದ ಮೇಲೆ ಎರೆಹೊಲದ ದಾರಿಗಿಳಿದ ಸೈಕಲ್ಲು ನೂರು ಮಾರು ಸಾಗುವುದೂ ಕಷ್ಟ. ರಾಡಿಯು ಟೈರು ಮತ್ತು ಬ್ರೇಕಿನ ನಡುವೆ ತುಂಬಿಕೊಂಡು ಗಾಲಿ ತಿರುಗುವುದೇ ನಿಲ್ಲುತ್ತದೆ; ಕಡೆಗೆ ಸವಾರನೇ ಸೈಕಲ್ಲನ್ನು ಹೊರಬೇಕಾಗುತ್ತದೆ. ಈ ಭಾಗದ ರೈತರು ಮಳೆಗಾಲದಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊಲಕ್ಕೆ ಹೋಗುವುದು ಇದೇ ಕಾರಣಕ್ಕೆ.

ಕಾಲುವೆ ರಸ್ತೆಯ ಸ್ವರೂಪ

ನೀರು ತನ್ನ ಭಾರದಿಂದಲೇ ಹರಿಯಬೇಕು. ಆದರೆ ಬೇಗನೆ ಎತ್ತರವನ್ನು ಕಳೆದುಕೊಳ್ಳಬಾರದು. ಮುಖ್ಯ ಕಾಲುವೆಯ ರಚನೆಯ ಗುಟ್ಟು ಇಷ್ಟೇ. ಹಲವು ಸಾವಿರ ಮೀಟರುಗಳಿಗೆ ಒಂದು ಮೀಟರಿನಷ್ಟು ಮಾತ್ರ ಇಳಿಜಾರು ಕೊಟ್ಟು, ಗುಡ್ಡದ ಮಗ್ಗುಲಿಗೆ ಸಮಎತ್ತರದ ಗೆರೆಯಂತೆ ಅದನ್ನು ಸುತ್ತಿಸಿ ಒಯ್ಯಲಾಗುತ್ತದೆ. ಅದರ ಪಕ್ಕದಲ್ಲಿ ಗೇಟುಗಳ ನಿರ್ವಹಣೆಗೆ, ಹೂಳು ತೆಗೆಯುವ ಯಂತ್ರಗಳ ಓಡಾಟಕ್ಕೆ ಒಂದು ಪರಿಶೀಲನಾ ರಸ್ತೆ ಇರುತ್ತದೆ. ಸೈಕಲ್ಲಿಗಾಗಿ ಯಾರೂ ಯೋಜಿಸದಿದ್ದರೂ, ಏರಿಳಿತವಿಲ್ಲದ, ವಾಹನ ವಿರಳವಾದ, ಕೆಲವೆಡೆ ಮರದ ನೆರಳೂ ಇರುವ ದಾರಿ ಹೀಗೆ ಸಿದ್ಧವಾಗುತ್ತದೆ. ಕಾಲುವೆ ದೊಡ್ಡದಾದಷ್ಟೂ ರಸ್ತೆ ಸಮತಟ್ಟು. ವಿತರಣಾ ಕಾಲುವೆಗಳಲ್ಲಿ ಇಳಿತ ಹೆಚ್ಚು, ದಾರಿ ಕಿರಿದು. ಹೊಲಗಾಲುವೆಯ ಬದುವಿನ ಮೇಲೆ ಕಾಲುನಡಿಗೆಯೇ ಲೇಸು.

ಈ ಸೀಮೆಗೆ ಹಲವು ಕಾಲುವೆ ಜಾಲಗಳು ತಲುಪುತ್ತವೆ. ಹಳೆಯದು ಘಟಪ್ರಭೆಯದು. ಬೆಳಗಾವಿ ಜಿಲ್ಲೆಯ ಧೂಪದಾಳದಲ್ಲಿ 19ನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಒಡ್ಡಿನಿಂದ ಅದು ಆರಂಭವಾಯಿತು; ಹಿಡಕಲ್ ಜಲಾಶಯವಾದ ಬಳಿಕ ಎಡದಂಡೆ ಮತ್ತು ಬಲದಂಡೆ ಕಾಲುವೆಗಳು ಬಾಗಲಕೋಟೆ ಜಿಲ್ಲೆಯೊಳಕ್ಕೆ ವಿಸ್ತರಿಸಿದವು. ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟಿನಿಂದ, ಅಂದರೆ ರೇಣುಕಾಸಾಗರದಿಂದ ಹೊರಡುವ ಮಲಪ್ರಭಾ ಎಡದಂಡೆ ಕಾಲುವೆ ರಾಮದುರ್ಗದ ಮೂಲಕ ಬಾದಾಮಿ ತಾಲ್ಲೂಕಿಗೆ ಬರುತ್ತದೆ. ಆಲಮಟ್ಟಿಯ ಬಲದಂಡೆ ಕಾಲುವೆ ಹುನಗುಂದದ ಕಡೆಗೆ ಸಾಗುತ್ತದೆ. ಹುನಗುಂದ ತಾಲ್ಲೂಕಿನಲ್ಲಿಯೇ ಇರುವ ರಾಮಥಾಳ (ಮರೋಳ) ಏತ ನೀರಾವರಿಯ ಎರಡನೆಯ ಹಂತದಲ್ಲಿ, ಸುಮಾರು 24,000 ಹೆಕ್ಟೇರ್ ಭೂಮಿಗೆ ಹನಿ ನೀರಾವರಿ ಕಲ್ಪಿಸಲು ಕೊಳವೆಗಳನ್ನು ನೆಲದಡಿ ಹಾಕಲಾಗಿದೆ. ನೀರುಳಿತಾಯದ ದೃಷ್ಟಿಯಿಂದ ಇದು ಮೇಲು. ಕೊಳವೆಗೆ ಏರಿಯಿಲ್ಲದ ಕಾರಣ ಸೈಕಲ್ಲಿಗೆ ದಾರಿಯಾಗದು ಎಂಬುದಷ್ಟೇ ಇಲ್ಲಿನ ಮಾತಿಗೆ ಸಂಬಂಧಿಸಿದ್ದು.

ಕಾಲುವೆ ರಸ್ತೆ ಸಾರ್ವಜನಿಕ ರಸ್ತೆಯಲ್ಲ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಅದು ನೀರಾವರಿ ನಿಗಮದ ಆಸ್ತಿ. ಆಲಮಟ್ಟಿ ಯೋಜನೆಯ ಕಾಲುವೆಗಳು ಕೃಷ್ಣಾ ಭಾಗ್ಯ ಜಲ ನಿಗಮಕ್ಕೂ, ಘಟಪ್ರಭಾ ಮತ್ತು ಮಲಪ್ರಭಾ ಯೋಜನೆಗಳವು ಕರ್ನಾಟಕ ನೀರಾವರಿ ನಿಗಮಕ್ಕೂ ಸೇರಿವೆ. ರೈತರು, ಶಾಲಾಮಕ್ಕಳು, ಹಾಲು ಒಯ್ಯುವವರು ದಿನವೂ ಓಡಾಡುವುದನ್ನು ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲವಾದರೂ, ಹತ್ತಾರು ಜನ ಗುಂಪಾಗಿ ಸವಾರಿ ಹೊರಡುವಾಗ ಆಯಾ ವಿಭಾಗದ ಅಭಿಯಂತರರ ಕಚೇರಿಗೆ ಮೊದಲೇ ತಿಳಿಸುವುದು ಸರಿಯಾದ ಕ್ರಮ. ಕಾಲುವೆಯ ಏರಿ, ತೂಬು, ಗೇಟುಗಳಿಗೆ ಹಾನಿ ಮಾಡುವುದು 1965ರ ಕರ್ನಾಟಕ ನೀರಾವರಿ ಕಾಯ್ದೆಯಡಿ ಅಪರಾಧ. ಮಳೆಯಲ್ಲಿ ನೆನೆದ ಮಣ್ಣಿನ ಏರಿಯ ಮೇಲೆ ಗಾಲಿಗಳು ಕೊರೆದ ಗೆರೆಯೇ ಮುಂದಿನ ಮಳೆಗೆ ನೀರು ಹರಿಯುವ ಕೊರಕಲಾಗುತ್ತದೆ. ಏರಿ ಒಡೆದರೆ ಕೆಳಗಿನ ಬೆಳೆ ಹೋಗುತ್ತದೆ. ಹಸಿಯಾಗಿರುವಾಗ ಏರಿಯ ಮೇಲೆ ಹೋಗಬಾರದೆಂಬುದಕ್ಕೆ ಕಾನೂನಿಗಿಂತಲೂ ಇದು ದೊಡ್ಡ ಕಾರಣ.

ಹಿನ್ನೀರು, ಜವುಳು, ಕೆರೆ

ಇಲ್ಲಿನ ತೇವಭೂಮಿಗಳಲ್ಲಿ ಹೆಚ್ಚಿನವು ಪ್ರಕೃತಿ ನಿರ್ಮಿತವಲ್ಲ. ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದರು. ಜಲಾಶಯವನ್ನು 519.60 ಮೀಟರಿನವರೆಗೆ ತುಂಬಿಸಲು ಸರ್ವೋಚ್ಚ ನ್ಯಾಯಾಲಯದ ಸಮ್ಮತಿ ದೊರೆತದ್ದು 2000ದಲ್ಲಿ. ಅನೇಕ ಹಳ್ಳಿಗಳ ಜೊತೆಗೆ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳೂ ಮುಳುಗಿ, ಜನರು ನವನಗರಕ್ಕೆ ಹೋದರು. ಇಂದು ಹಿನ್ನೀರಿನ ಅಂಚಿನಲ್ಲಿ ಸೈಕಲ್ ತುಳಿಯುವಾಗ ಎದುರಿಗೆ ನೇರವಾಗಿ ನೀರಿನೊಳಕ್ಕೆ ಇಳಿದು ಮರೆಯಾಗುವ ಡಾಂಬರು ರಸ್ತೆಗಳು ಅಲ್ಲಲ್ಲಿ ಕಾಣುತ್ತವೆ. ಅವು ಹಳೆಯ ಊರುಗಳಿಗೆ ಹೋಗುತ್ತಿದ್ದ ದಾರಿಗಳು. ಬೇಸಿಗೆಯಲ್ಲಿ ನೀರು ಇಳಿದಾಗ ಕೆಲವು ಕಡೆ ಗೋಡೆ, ಕಟ್ಟೆ, ಗುಡಿಯ ಕಲ್ಲುಗಳು ಹೊರಬರುತ್ತವೆ. ಹೊರಗಿನಿಂದ ಬಂದವರಿಗೆ ನೋಟವಾಗಿರುವ ಈ ಸ್ಥಳಗಳು ಊರಿನವರಿಗೆ ಹಿರಿಯರ ಮನೆಗಳೆಂಬುದನ್ನು ನೆನಪಿನಲ್ಲಿಡಬೇಕು.

ಎರಡನೆಯ ಬಗೆಯ ತೇವಭೂಮಿ ಕಾಲುವೆಯಿಂದಲೇ ಹುಟ್ಟಿದ್ದು. ವರ್ಷಗಟ್ಟಲೆ ನೀರು ಜಿನುಗಿ, ಮಿತಿಮೀರಿ ಹಾಯಿಸಿದ ನೀರು ಬಸಿಯಲು ದಾರಿಯಿಲ್ಲದೆ ನಿಂತು, ಎರೆಭೂಮಿ ಸವುಳು-ಜವುಳಾಗುತ್ತದೆ. ಮೇಲ್ಮೈಯಲ್ಲಿ ಬೆಳ್ಳಗೆ ಉಪ್ಪು ಕಾಣುತ್ತದೆ. ತಗ್ಗಿನಲ್ಲಿ ಆಪು, ಜೊಂಡು ಬೆಳೆಯುತ್ತವೆ. ಅಲ್ಲಿ ಬೆಳ್ಳಕ್ಕಿ, ನೀರುಕೋಳಿ, ಮಿಂಚುಳ್ಳಿಗಳು ನೆಲೆಸುವುದರಿಂದ ದೂರಕ್ಕೆ ಸುಂದರವಾಗಿಯೇ ತೋರುತ್ತದೆ. ಆದರೆ ಅದು ಒಬ್ಬ ರೈತ ಕಳೆದುಕೊಂಡ ಹೊಲ. ಘಟಪ್ರಭಾ ಮತ್ತು ಮಲಪ್ರಭಾ ಅಚ್ಚುಕಟ್ಟುಗಳಲ್ಲಿ ಈ ಸಮಸ್ಯೆ ಬಹಳ ಹಳೆಯದು.

ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿಗೆ ರಾಜಹಂಸ, ಪಟ್ಟೆತಲೆ ಹೆಬ್ಬಾತು ಮೊದಲಾದ ವಲಸೆ ಹಕ್ಕಿಗಳು ಬರುತ್ತವೆ. ಹಿಮಾಲಯವನ್ನು ದಾಟಿ ಬರುವ ಈ ಹೆಬ್ಬಾತುಗಳ ಹೆಸರುವಾಸಿಯಾದ ನೆಲೆ ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆ. ಅದಕ್ಕೆ 2024ರ ಜನವರಿಯಲ್ಲಿ ರಾಮ್ಸರ್ ತಾಣದ ಮಾನ್ಯತೆ ದೊರೆತಿದೆ. ನೀರು ಇಳಿಯುತ್ತ ಬಂದಂತೆ ಬಯಲಾಗುವ ನೆಲದಲ್ಲಿ ಒಂದೆಡೆ ರೈತರು ತೇವಾಂಶದ ಮೇಲೆಯೇ ಬೆಳೆ ತೆಗೆಯುತ್ತಾರೆ. ಇನ್ನೊಂದೆಡೆ ನದಿ ರೀವ, ಟಿಟ್ಟಿಭದಂತಹ ಹಕ್ಕಿಗಳು ಬರಿನೆಲದ ಮೇಲೆ ಮೊಟ್ಟೆಯಿಡುತ್ತವೆ. ಇವುಗಳಿಗೆ ಕಟ್ಟಿದ ಗೂಡೆಂಬುದಿಲ್ಲ. ಮೊಟ್ಟೆಗಳು ಉರುಟುಗಲ್ಲಿನ ಬಣ್ಣದವಾದ್ದರಿಂದ ನಡೆದು ಹೋಗುವವನಿಗೇ ಕಾಣುವುದು ಕಷ್ಟ, ಸೈಕಲ್ ಮೇಲಿರುವವನಿಗೆ ಕಾಣುವುದೇ ಇಲ್ಲ. ಆದಕಾರಣ ಬೇಸಿಗೆಯ ತಿಂಗಳುಗಳಲ್ಲಿ ಹಿನ್ನೀರಿನ ಬಯಲಿಗೆ ಗಾಲಿ ಇಳಿಸದೆ, ಮೇಲಿನ ಬಂಡಿದಾರಿಯಲ್ಲಿಯೇ ಸಾಗುವುದು ಉಚಿತ.

ಶಿರೂರಿನ ಸುತ್ತಲಿನ ದಿಕ್ಕುಗಳು

ಇಲ್ಲಿ ಗುರುತು ಹಾಕಿದ ಸೈಕಲ್ ಮಾರ್ಗಗಳಿಲ್ಲ. ಹಳ್ಳಿಯಿಂದ ಹಳ್ಳಿಗೆ ಕೇಳಿಕೊಂಡು ಹೋಗಬೇಕು. ದಕ್ಷಿಣಕ್ಕೆ ಗುಳೇದಗುಡ್ಡದ ಕಡೆಗೆ ಸಾಗುವವನಿಗೆ ನಿಜವಾದ ಮೌಂಟನ್ ಬೈಕ್ ನೆಲ ಸಿಗುತ್ತದೆ. ಮರಳುಗಲ್ಲಿನ ಹಾಸು ಒಣಗಿರುವಾಗ ಟೈರಿಗೆ ಒಳ್ಳೆಯ ಹಿಡಿತ ಕೊಡುತ್ತದೆ. ಆದರೆ ಅದೇ ಕಲ್ಲು ಸವೆದು ಉದುರಿದ ಸಡಿಲ ಮರಳು ಇಳಿಜಾರಿನ ತಿರುವುಗಳಲ್ಲಿ ಕೂಡಿರುತ್ತದೆ, ಅಲ್ಲಿ ಮುಂದಿನ ಬ್ರೇಕನ್ನು ಒತ್ತಿದವನು ಬೀಳುತ್ತಾನೆ. ಖಣಕ್ಕೆ ಹೆಸರಾದ ಗುಳೇದಗುಡ್ಡದಿಂದ ಮುಂದೆ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳು ಒಂದೇ ದಿನದ ಸವಾರಿಯ ಅಳತೆಯೊಳಗಿವೆ. ಪಟ್ಟದಕಲ್ಲಿನ ದೇವಾಲಯಗಳು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಈ ಮೂರು ಊರುಗಳ ಸುತ್ತಲಿನ ಬೆಟ್ಟಗಳಲ್ಲಿ ಸಂರಕ್ಷಿತ ಸ್ಮಾರಕಗಳು ಬಹಳವಿರುವುದರಿಂದ, ಎಲ್ಲ ಕಲ್ಲುಹಾಸೂ ಸವಾರಿಗೆ ತೆರೆದಿಲ್ಲ.

ಪೂರ್ವದ ದಾರಿ ಕಮತಗಿ, ಅಮೀನಗಡಗಳ ಮೂಲಕ ಹುನಗುಂದಕ್ಕೂ ಅಲ್ಲಿಂದ ಇಳಕಲ್ಲಿಗೂ ಒಯ್ಯುತ್ತದೆ. ಅಮೀನಗಡದ ಕರದಂಟು ಸವಾರರ ಜೋಳಿಗೆಗೆ ಹೇಳಿ ಮಾಡಿಸಿದ ತಿನಿಸು: ಅಂಟು, ಬೆಲ್ಲ, ಒಣಹಣ್ಣುಗಳಿಂದಾದ ಇದು ಬಿಸಿಲಿಗೂ ಬೇಗ ಕೆಡುವುದಿಲ್ಲ. ಹುನಗುಂದ, ಇಳಕಲ್ಲುಗಳ ಬಳಿ ಚತುಷ್ಪಥದ 50ನೆಯ ರಾಷ್ಟ್ರೀಯ ಹೆದ್ದಾರಿಯನ್ನು ದಾಟುವಾಗ ಎಚ್ಚರ ಅಗತ್ಯ. ಈಶಾನ್ಯಕ್ಕೆ ಕೂಡಲಸಂಗಮವಿದೆ. ಜಲಾಶಯ ತುಂಬಿರುವಾಗ ಬಸವಣ್ಣನವರ ಐಕ್ಯಮಂಟಪವನ್ನು ನೀರು ಸುತ್ತುವರಿಯುತ್ತದೆ. ಎತ್ತರದ ಗೋಡೆ ಅದನ್ನು ಕಾಯುತ್ತಿದೆ.

ಉತ್ತರದಲ್ಲಿ ಬಾಗಲಕೋಟೆಯನ್ನು ದಾಟಿದರೆ ಬೀಳಗಿ ತಾಲ್ಲೂಕಿನ ಹೆರಕಲ್ ಕಡೆಯ ಹಿನ್ನೀರು. ಅದೇ ತಾಲ್ಲೂಕಿನ ಭಾಗದಲ್ಲಿರುವ ಯಡಹಳ್ಳಿ ಚಿಂಕಾರ ವನ್ಯಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಸೈಕಲ್ ಒಯ್ಯುವಂತಿಲ್ಲ. ದೂರದಿಂದ ಬರುವವರಿಗೆ ಗದಗ–ಹೊಟಗಿ ರೈಲು ಮಾರ್ಗದ ಬಾದಾಮಿ, ಗುಳೇದಗುಡ್ಡ ರೋಡ್, ಬಾಗಲಕೋಟೆ, ಆಲಮಟ್ಟಿ ನಿಲ್ದಾಣಗಳು ಅನುಕೂಲ.

ಋತುಮಾನ ಮತ್ತು ಸಜ್ಜು

ನವೆಂಬರಿನಿಂದ ಫೆಬ್ರವರಿಯವರೆಗಿನ ಅವಧಿ ಅತ್ಯುತ್ತಮ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದುಂಟು. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಗಿಂತ ಗಾಳಿಯದೇ ಕಾಟ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ಬಯಲಿನಲ್ಲಿ ನೈಋತ್ಯದ ಗಾಳಿ ತಡೆಯಿಲ್ಲದೆ ಬೀಸುತ್ತದೆ. ಬೆಳಿಗ್ಗೆ ನೈಋತ್ಯ ದಿಕ್ಕಿಗೆ ಹೊರಟು ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಮರಳುವುದು ಜಾಣತನ. ಜಿಲ್ಲೆಯ ನದಿಗಳು ಉಕ್ಕುವುದಕ್ಕೆ ಇಲ್ಲಿ ಮಳೆ ಬೀಳಬೇಕೆಂದೇನೂ ಇಲ್ಲ. 2019ರ ಆಗಸ್ಟ್‌ನಲ್ಲಿ ಘಟ್ಟದ ಮಳೆಗೆ ಮಲಪ್ರಭೆ ಉಕ್ಕಿ ಬಾದಾಮಿ ತಾಲ್ಲೂಕಿನ ಹಳ್ಳಿಗಳಿಗೂ ಪಟ್ಟದಕಲ್ಲಿಗೂ ನುಗ್ಗಿತ್ತು. ಮೇಲಿನ ಜಲಾಶಯಗಳಿಂದ ನೀರು ಬಿಡುವ ಸುದ್ದಿಯಿದ್ದಾಗ ತಗ್ಗಿನ ಸೇತುವೆಗಳ ದಾರಿಯನ್ನು ಬಿಡಬೇಕು.

1.9 ಇಂಚಿನಿಂದ 2.2 ಇಂಚು ಅಗಲದ ಟೈರು ಈ ನೆಲಕ್ಕೆ ಸಾಕು. ಮುಂದಿನ ಸಸ್ಪೆನ್ಷನ್ ಗುಡ್ಡದಲ್ಲಿ ಉಪಯುಕ್ತ, ಕಾಲುವೆಯ ಮೇಲೆ ಅನಗತ್ಯ. ದೊಡ್ಡ ಶತ್ರು ಮುಳ್ಳು. ಕಾಲುವೆಯ ಏರಿಗಳನ್ನು ಬಳ್ಳಾರಿ ಜಾಲಿ ಆವರಿಸಿದೆ. ಅದರ ಒಣಮುಳ್ಳು ಟೈರು, ಟ್ಯೂಬು ಎರಡನ್ನೂ ತೂರುತ್ತದೆ. ನೆಲದ ಮೇಲೆ ಹಬ್ಬುವ ನೆಗ್ಗಿಲು ಇನ್ನೂ ಕಪಟಿ. ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಎರಡು ಟ್ಯೂಬು, ಪಂಪು, ಪಂಕ್ಚರ್ ತಿದ್ದುವ ಸಾಮಗ್ರಿ ಇಲ್ಲದೆ ಹೊರಡಬಾರದು. ದಪ್ಪ ಟೈರಿನ ಸೈಕಲ್ಲುಗಳ ಟ್ಯೂಬು ಹಳ್ಳಿಯ ಅಂಗಡಿಯಲ್ಲಿ ಸಿಗದಿರಬಹುದು. ಪಂಕ್ಚರ್ ಹಾಕುವ ಕೈಗಳಿಗೆ ಮಾತ್ರ ಕೊರತೆಯಿಲ್ಲ.

ಅಪಾಯಗಳು

ಕಾಲುವೆಯ ನೀರು ನಿಧಾನವಾಗಿ ಹರಿಯುವಂತೆ ಕಾಣುವುದು ಮೋಸದ ನೋಟ. ಸಿಮೆಂಟಿನ ಒಳಹೊದಿಕೆಯುಳ್ಳ ಕಾಲುವೆಯ ಬದಿಗಳು ಇಳಿಜಾರಾಗಿದ್ದು, ಪಾಚಿಯಿಂದ ಜಾರುತ್ತವೆ. ಬಿದ್ದವನಿಗೆ ಈಜು ಬಂದರೂ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ರಕ್ಷಿಸಲು ಹಿಂದೆಯೇ ಜಿಗಿದವರೂ ಮುಳುಗುವುದು ಇದರಿಂದಲೇ. ಹಗ್ಗವನ್ನೋ ರುಮಾಲನ್ನೋ ಎಸೆದು ಎಳೆಯಬೇಕೇ ಹೊರತು ನೀರಿಗೆ ಇಳಿಯಬಾರದು. ಪ್ರವಾಹದೊಂದಿಗೆ ತೇಲುತ್ತ ಮೆಟ್ಟಿಲಿರುವ ಕಡೆ ಇಲ್ಲವೇ ಸೇತುವೆಯ ಬಳಿ ಹಿಡಿತ ಹುಡುಕುವುದು ಬಿದ್ದವನಿಗಿರುವ ಒಳ್ಳೆಯ ಅವಕಾಶ. ಸರದಿಯ ಮೇಲೆ ನೀರು ಬಿಡುವ ಪದ್ಧತಿಯಿರುವುದರಿಂದ ನಿನ್ನೆ ಒಣಗಿದ್ದ ಕಾಲುವೆ ಇಂದು ತುಂಬಿರಬಹುದು. ಅದರ ತಳದಲ್ಲಿ ಸೈಕಲ್ ಓಡಿಸುವ ಹುಡುಗಾಟ ಸಲ್ಲದು. ಕೃಷ್ಣೆಯ ಹಿನ್ನೀರಿನಲ್ಲಿ ಮೊಸಳೆಗಳಿವೆ. ರಾಡಿಯಾದ ಸೈಕಲ್ಲನ್ನು ತೊಳೆಯಲು ದಡಕ್ಕೆ ಇಳಿಯುವ ಅಭ್ಯಾಸವನ್ನು ಬಿಡಬೇಕು.

ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಾತ್ರಿಯಿಡೀ ಓಡುತ್ತವೆ. ಹಿಂಬದಿಯ ದೀಪವಿಲ್ಲದ ಟ್ರೇಲರ್ ನಸುಕಿನಲ್ಲಿ ಕಾಣಿಸುವುದು ತೀರ ಹತ್ತಿರ ಬಂದ ಮೇಲೆಯೇ.

ಸೈಕಲ್ಲಿನ ಪರಂಪರೆ

ವಿಜಯಪುರ–ಬಾಗಲಕೋಟೆ ಅವಳಿ ಜಿಲ್ಲೆಗಳು ದೇಶದ ಸೈಕ್ಲಿಂಗ್ ಕ್ರೀಡೆಗೆ ಅನೇಕ ಪಟುಗಳನ್ನು ಕೊಟ್ಟಿವೆ. ಜಾತ್ರೆ, ಹಬ್ಬಗಳಲ್ಲಿ ಎತ್ತಿನ ಗಾಡಿಯ ಶರ್ಯತ್ತಿನ ಜೊತೆಗೆ ಸೈಕಲ್ ಶರ್ಯತ್ತನ್ನೂ ಏರ್ಪಡಿಸುವುದು ಇಲ್ಲಿನ ರೂಢಿ. ಹೊಲದಿಂದ ಊರಿಗೆ ಹಾಲು ಸಾಗಿಸುತ್ತ ಕಾಲು ಗಟ್ಟಿಮಾಡಿಕೊಂಡ ಹುಡುಗರು ಇಂಥ ಶರ್ಯತ್ತುಗಳಲ್ಲಿ ಗೆದ್ದು ಕ್ರೀಡಾ ನಿಲಯ ಸೇರುವ ದಾರಿ ಹಲವರದಾಗಿದೆ. ಎರಡೂ ಜಿಲ್ಲಾ ಕೇಂದ್ರಗಳಲ್ಲಿ ಸೈಕ್ಲಿಂಗ್‌ಗೆ ಸರಕಾರಿ ಕ್ರೀಡಾ ನಿಲಯಗಳಿವೆ. 2006–07ರಲ್ಲಿ ರಾಜ್ಯ ಸರಕಾರ ಆರಂಭಿಸಿದ, 8ನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯಿಂದ, ತೋಟದ ಮನೆಗಳ ಹೆಣ್ಣುಮಕ್ಕಳೂ ಕಾಲುವೆ ರಸ್ತೆಯಲ್ಲಿ ಪ್ರೌಢಶಾಲೆಗೆ ಹೋಗುವಂತಾಯಿತು. ಕ್ರೀಡಾ ಸಾಧನೆಯ ಲೆಕ್ಕದಲ್ಲಿ ಇದು ಸೇರುವುದಿಲ್ಲವಾದರೂ ಕಡಿಮೆಯ ವಿಷಯವಲ್ಲ.

ಮೌಂಟನ್ ಬೈಕ್ ಸ್ಪರ್ಧೆ ಜಗತ್ತಿನಲ್ಲಿಯೇ ಹೊಸದು. ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ 1990ರಲ್ಲಿ ಅಮೆರಿಕದ ಡುರಾಂಗೊದಲ್ಲಿ ನಡೆಯಿತು; 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಉತ್ತರ ಕರ್ನಾಟಕದಲ್ಲಿ ಗದಗ ಈ ವಿಭಾಗದ ರಾಷ್ಟ್ರೀಯ ಸ್ಪರ್ಧೆಗೆ ಆತಿಥ್ಯ ವಹಿಸಿದೆ. ಬಾಗಲಕೋಟೆಯ ಕಡೆ ಅಭ್ಯಾಸದ ಹುಡುಗರು ಇಂದಿಗೂ ಹೆಚ್ಚಾಗಿ ನೆಚ್ಚಿಕೊಂಡಿರುವುದು ಲಾರಿ, ಟ್ರ್ಯಾಕ್ಟರುಗಳ ಡಾಂಬರು ರಸ್ತೆಯನ್ನೇ. ಸಪಾಟಾದ ಕಾಲುವೆ ರಸ್ತೆಗಳು ಪಕ್ಕದಲ್ಲಿಯೇ ಇದ್ದೂ ಗುಂಡಿ, ಜಾಲಿಗಳಿಂದ ಅಭ್ಯಾಸಕ್ಕೆ ಒದಗದಿರುವುದು ವಿಷಾದದ ಸಂಗತಿ.

ದಕ್ಷಿಣ ಯುರೋಪಿನ ಹೋಲಿಕೆ

ಫ್ರಾನ್ಸಿನ ಕನಾಲ್ ದ್ಯು ಮಿದಿ 1681ರಲ್ಲಿ ಸಂಚಾರಕ್ಕೆ ತೆರೆಯಿತು. ಸುಮಾರು 240 ಕಿಲೋಮೀಟರ್ ಉದ್ದದ ಈ ಕಾಲುವೆ ಹೊಲಕ್ಕೆ ನೀರುಣಿಸಲು ಕಟ್ಟಿದ್ದಲ್ಲ, ದೋಣಿಗಳಿಗಾಗಿ ಕಟ್ಟಿದ್ದು. ದೋಣಿಗೆ ಹಗ್ಗ ಕಟ್ಟಿ ದಡದ ಮೇಲೆ ಕುದುರೆಗಳು ಎಳೆಯುತ್ತಿದ್ದುದರಿಂದ ಉದ್ದಕ್ಕೂ ಕಾಲುದಾರಿ ಬೇಕಾಯಿತು. ಕುದುರೆಗಳು ಹೋದ ಮೇಲೆ ಆ ದಾರಿ ಸೈಕಲ್ಲಿನ ಪಾಲಾಯಿತು. 1996ರಲ್ಲಿ ಅದು ವಿಶ್ವ ಪರಂಪರೆಯ ತಾಣವೂ ಆಯಿತು. ಅದರ ಪೂರ್ವಕ್ಕೆ ರೋನ್ ನದಿಯ ಮುಖಜದಲ್ಲಿರುವ ಕಮಾರ್ಗ್ ಜೌಗಿನಲ್ಲಿ ಭತ್ತದ ಗದ್ದೆಗಳೂ ರಾಜಹಂಸಗಳೂ ಇವೆ. ಇಟಲಿಯ ಪೋ ನದಿಯಲ್ಲಿ ಪ್ರವಾಹ ತಡೆಯುವ ಏರಿಯ ಮೇಲೆಯೇ ಸೈಕಲ್ ಮಾರ್ಗವಿದೆ. ಆಲಮಟ್ಟಿಯ ಸೀಮೆಯಲ್ಲಿ ದೋಣಿ ಕಾಲುವೆಯ ಚರಿತ್ರೆಯಿಲ್ಲ. ಆದರೆ ಏರಿಯೊಂದನ್ನು ನೀರಿನ ಕೆಲಸ ಕೆಡದಂತೆ ಜನರ ಓಡಾಟಕ್ಕೂ ಬಳಸಬಹುದೆಂಬುದಕ್ಕೆ ಪೋ ನದಿಯ ಉದಾಹರಣೆ ಇಲ್ಲಿಗೆ ಹೆಚ್ಚು ಹತ್ತಿರದ್ದು.

ಜಲಾಶಯದ ಎತ್ತರ ಮತ್ತು ಮುಂದಿನ ದಾರಿ

ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸುವ ಪ್ರಸ್ತಾವವಿದೆ. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು 2010ರ ತೀರ್ಪಿನಲ್ಲಿ ಇದಕ್ಕೆ ಅವಕಾಶ ಕೊಟ್ಟಿದೆ. ನೆರೆಯ ರಾಜ್ಯಗಳ ಆಕ್ಷೇಪದಿಂದ ವಿಷಯ ಸರ್ವೋಚ್ಚ ನ್ಯಾಯಾಲಯದ ಮುಂದೆ ಹೋಯಿತು. ಈ ಏರಿಕೆಯಿಂದ 75 ಸಾವಿರ ಎಕರೆಗೂ ಹೆಚ್ಚು ಭೂಮಿ ಮುಳುಗಡೆಯಾಗಲಿದೆಯೆಂದು ಸರಕಾರ ಅಂದಾಜಿಸಿದೆ. 4.656 ಮೀಟರ್ ಎಂಬ ಅಂಕಿ ಸಣ್ಣದಾಗಿ ತೋರಬಹುದು. ಇನ್ನೂರು ಮೀಟರಿಗೆ ಒಂದು ಮೀಟರ್ ಮಾತ್ರ ಇಳಿಯುವ ಬಯಲಿನಲ್ಲಿ ಅಷ್ಟು ಏರಿದ ನೀರು ಸುಮಾರು 930 ಮೀಟರ್ ಒಳಕ್ಕೆ ಬರುತ್ತದೆ. ಹೊಸ ಕಾಲುವೆಗಳು ಒಣಹೊಲಗಳಿಗೆ ನೀರು ತರುವವು. ಅವುಗಳ ಏರಿಯ ಮೇಲೆ ಹೊಸ ದಾರಿಗಳೂ ಆಗುವವು. ಈಗಿನ ಹಿನ್ನೀರಿನ ಅಂಚಿನಲ್ಲಿ ಸೈಕಲ್ ತುಳಿಯುವ ದಾರಿಗಳಲ್ಲಿ ಹೆಚ್ಚಿನವು ಆಗ ನೀರಿನಡಿ ಇರುತ್ತವೆ, ಅವುಗಳ ಪಕ್ಕದ ಹೊಲಗಳೂ.